ಅರ್ಧ ಹುಬ್ಬು ಬರೆದ ಡ್ರಾಯಿಂಗ್ ಮೇಷ್ಟ್ರು

ಬೆಂಚಿನ ಮೇಲೆ ಕೂತಿರುವ ಮುದುಕರೊಬ್ಬರು ಒಂದೇ ಸಮನೆ ಏನೋ ಬರೆದುಕೊಳ್ಳುತ್ತಿದ್ದಾರೆ, ಬಹುಶಃ ಪೇಪರಿನವರಿರಬೇಕು ಎಂದು ಮಹದೇವಮ್ಮ ಒಳಗೆ ಬಂದು ಪಿಸುಗುಟ್ಟಿದರು. ಮಹದೇವಮ್ಮ ನನ್ನ ಕ್ಲಿನಿಕ್ಕಿನ ನರ್ಸ್. ಹೊರಗಿನ ಸಂಗತಿಗಳನ್ನು ಒಳಗೆ ತರುವಾಗ ಒಂದಿಷ್ಟು ಒಗ್ಗರಣೆ ಹಾಕಿಯೇ ತರುವುದು ಅವರ ಅಭ್ಯಾಸ.

“ಬರ್ಕೊಳ್ಳಲಿ ಬಿಡಿ,” ಅಂದೆ.

“ಡಾಕ್ಟ್ರು ಹತ್ತು ಗಂಟೆಗೆ ಬತ್ತೀನಿ ಅಂತ ಬೋರ್ಡ್ ಹಾಕಿ ಹನ್ನೊಂದಕ್ಕೆ ಬತ್ತಾರೆ ಅಂತ ಬರುದ್ರೆ?”

ಅದು ನಿಜವೇ ಆಗಿದ್ದರಿಂದ ನಾನು ಎದ್ದು ಹೊರಗೆ ಬಂದೆ.

ಗುಂಡ್ಲುಪೇಟೆಯಲ್ಲಿ ನಾನು ಕ್ಲಿನಿಕ್ ತೆರೆದು ಆಗಿನ್ನೂ ಎರಡು ವರ್ಷವಾಗಿತ್ತು. ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಎಪ್ಪತ್ತರ ಆಸುಪಾಸಿನ ಒಬ್ಬರು, ಬಿಳಿ ಅಂಗಿ, ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಮೂರು ಪೆನ್ಸಿಲ್ ಇಟ್ಟುಕೊಂಡು ಕೂತಿದ್ದರು. ತೊಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆ, ಖಾಲಿ ಬೆನ್ನು ಮೇಲಾಗಿ. ಬಗ್ಗಿ ನೋಡಿದೆ. ಹಾಳೆಯ ತುಂಬ ಕಾಲುಗಳು. ಬೆಂಚಿನ ಮೇಲೆ ಕೂತಿದ್ದ ಎಲ್ಲರ ಪಾದಗಳನ್ನೂ ಅವರು ಸಾಲಾಗಿ ಬರೆದಿದ್ದರು. ಒಬ್ಬನ ಹೆಬ್ಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಒಬ್ಬಾಕೆಯ ಹಿಮ್ಮಡಿ ಬೇಸಿಗೆಯ ಕೆರೆಯಂತೆ ಬಿರಿದಿತ್ತು. ಲಾರಿ ಡ್ರೈವರನ ಬಲಗಾಲು ಅಲ್ಲಿಯೂ ಬ್ರೇಕ್ ಒತ್ತುತ್ತಿರುವ ಹಾಗೆ ನೆಲಕ್ಕೆ ಬಿಗಿದಿತ್ತು.

“ಮುಖ ಯಾಕೆ ಬರೆದಿಲ್ಲ?” ಎಂದು ಕೇಳಿದೆ.

“ಕಾಯೋರ ಮುಖ ಎಲ್ಲಾ ಒಂದೇ ತರ ಇರ್ತದೆ ಡಾಕ್ಟ್ರಮ್ಮ. ಬ್ಯಾಸರ. ಕಾಲು ನೋಡುದ್ರೆ ಯಾರು ಎದ್ರಿಕೊಂಡವ್ರೆ, ಯಾರು ಸುಮ್ನೆ ಬಂದವ್ರೆ ಗೊತ್ತಾಯ್ತದೆ.”

ಹೀಗೆ ಅವರ ಪರಿಚಯವಾಯಿತು. ಹರವೆಯ ಕಡೆಯವರು, ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಹೇಳಿಕೊಟ್ಟವರು. ಹೆಸರು ಹೇಳಿದರೆ ಊರಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ; ಡ್ರಾಯಿಂಗ್ ಮೇಷ್ಟ್ರು ಅಂದರೆ ಈರುಳ್ಳಿ ಮಂಡಿಯ ಹಮಾಲಿಗಳಿಂದ ಹಿಡಿದು ಎಲ್ಲರಿಗೂ ಗೊತ್ತು. ನನ್ನಲ್ಲಿಗೆ ಬರುತ್ತಿದ್ದದ್ದು ಅವರ ಹೆಂಡತಿಯ ಸಕ್ಕರೆ ಕಾಯಿಲೆಗೆ ಮತ್ತು ಮಂಡಿ ನೋವಿಗೆ. ಆ ಅಮ್ಮ ದಪ್ಪ ಕನ್ನಡಕದ, ಖಡಕ್ ಮಾತಿನ ಹೆಂಗಸು. ನಿಮ್ಮ ಚಿತ್ರವನ್ನೂ ಬರೆದಿದ್ದಾರಾ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, “ಮದ್ವೆಯಾದ ವರ್ಸ ಬರೀತೀನಿ ಅಂದ್ರು. ಆಸೆಯಿಂದ ನೋಡುದ್ರೆ ಒಲೆ ಮುಂದೆ ಕೂತಿರೋಳ ಬೆನ್ನು ಬರ್ದವ್ರೆ. ಅವತ್ತಿಂದ ನಾನು ಕೇಳೋದು ಬುಟ್ಟೆ,” ಅಂದರು.

“ಬೆನ್ನು ಬಾಳ ಚೆನ್ನಾಗಿತ್ತು,” ಎಂದು ಮೇಷ್ಟ್ರು ಗಂಭೀರವಾಗಿ ಸೇರಿಸಿದರು.

ಕೇಳದೆ ಯಾರನ್ನೂ ಬರೆಯಬಾರದು ಎಂದು ನಾನು ಒಂದು ನಿಯಮ ಮಾಡಿದೆ. ಅದನ್ನು ಅವರು ಎಷ್ಟು ಶ್ರದ್ಧೆಯಿಂದ ಪಾಲಿಸಿದರೆಂದರೆ, ಬಾಗಿಲು ದಾಟಿ ಬಂದವರಿಗೆಲ್ಲ ಮಹದೇವಮ್ಮ ಚೀಟಿ ಕೊಡುವ ಮೊದಲೇ “ನಿಮ್ಮ ಕಾಲು ಬರೀಲಾ?” ಎಂಬ ಪ್ರಶ್ನೆ ಎದುರಾಗುತ್ತಿತ್ತು. ಬೇಡ ಅಂದವರು ಕಡಿಮೆ. ಹೆಂಡತಿ ಬರದ ದಿನವೂ ಮೇಷ್ಟ್ರು ಬೆಂಚಿಗೆ ಬರತೊಡಗಿದರು. ಪೆನ್ಸಿಲ್ ಹೆರೆದ ಸಿಪ್ಪೆ ನೆಲಕ್ಕೆ ಬೀಳುತ್ತದೆ ಎಂದು ಮಹದೇವಮ್ಮ ತಗಾದೆ ತೆಗೆದರು. ಮಾರನೆಯ ವಾರದಿಂದ ಮೇಷ್ಟ್ರು ಜೇಬಿನಲ್ಲಿ ಒಂದು ಬೆಂಕಿಪೊಟ್ಟಣ ತಂದರು, ಸಿಪ್ಪೆ ತುಂಬಿಕೊಳ್ಳಲು.

ನನ್ನ ಕೋಣೆಯ ಗೋಡೆಯ ಮೇಲೆ ಮನುಷ್ಯನ ದೇಹದ ಒಳಭಾಗ ತೋರಿಸುವ ಒಂದು ದೊಡ್ಡ ಚಾರ್ಟ್ ಇತ್ತು. ಮೇಷ್ಟ್ರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

“ಇವನು ಯಾವೂರೋನು?”

“ಯಾವ ಊರಿನವನೂ ಅಲ್ಲ ಮೇಷ್ಟ್ರೇ. ಎಲ್ಲರ ಒಳಗೂ ಹೀಗೇ ಇರುತ್ತೆ.”

“ಅದ್ಸರಿ. ಆದ್ರೆ ಇಂಗೆ ಎರಡು ಕೈ ಬಿಟ್ಕೊಂಡು ಅಂಗೈ ತೋರುಸ್ಕೊಂಡು ಯಾರು ನಿಂತ್ಕೋತಾರೆ? ಕೆಲ್ಸ ಇಲ್ಲದೋನು ಕಣಮ್ಮ ಇವನು. ಇವನಿಗ್ಯಾಕೆ ಬೆನ್ನು ನೋವು ಬತ್ತದೆ?”

ಒಂದು ತಿಂಗಳಾದ ಮೇಲೆ ಸುರುಳಿ ಸುತ್ತಿದ ಹಾಳೆ ತಂದು ನನ್ನ ಮೇಜಿನ ಮೇಲೆ ಬಿಚ್ಚಿದರು. ಬೆನ್ನ ಮೇಲೆ ಈರುಳ್ಳಿ ಮೂಟೆ ಹೊತ್ತು ಲಾರಿ ಹತ್ತುತ್ತಿರುವ ಹಮಾಲಿ. ಮೂಟೆಯ ಕೆಳಗೆ ಚರ್ಮ ಪಾರದರ್ಶಕವಾಗಿ, ಬೆನ್ನುಮೂಳೆಯ ಒಂದೊಂದು ಮಣಿಯೂ ಕಾಣುತ್ತಿತ್ತು. ಸೊಂಟದ ಹತ್ತಿರ ಎರಡು ಮಣಿಗಳ ನಡುವಿನ ಮೆತ್ತೆ ಹಿಂದಕ್ಕೆ ಜರುಗಿ ನರವನ್ನು ಒತ್ತಿತ್ತು. ನನ್ನ ಪುಸ್ತಕಗಳನ್ನೇ ಇಸಿದುಕೊಂಡು ಹೋಗಿ, ನೋಡಿ ಬರೆದದ್ದು. ಅದನ್ನು ಗೋಡೆಗೆ ಹಾಕಿದ ದಿನದಿಂದ ಹಮಾಲಿಗಳಿಗೆ ನಾನು ಡಿಸ್ಕ್ ಎಂದರೇನು ಎಂದು ವಿವರಿಸುವ ಕೆಲಸ ತಪ್ಪಿತು. ಅವರು ಚಿತ್ರದ ಮುಂದೆ ನಿಂತು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು: “ನೋಡ್ಲಾ, ಇದೇ ಕಣ್ಲಾ ನಿಂಗಾಗಿರೋದು. ಮೂಟೆ ಎತ್ತುವಾಗ ಮಂಡಿ ಬಗ್ಗುಸ್ಲಾ ಅಂದ್ರೆ ಕೇಳ್ನಿಲ್ಲ ನೀನು.”

ಮಾತಿನಲ್ಲಿ ನೋವು ಹೇಳಲಾಗದವರ ಕೈಗೆ ಮೇಷ್ಟ್ರು ಪೆನ್ಸಿಲ್ ಕೊಡುತ್ತಿದ್ದರು. ಒಬ್ಬ ಅಜ್ಜಿ ನಾನು ಏನು ಕೇಳಿದರೂ “ಎಲ್ಲಾ ನೋಯ್ತದೆ” ಅನ್ನುತ್ತಿತ್ತು. ಮೇಷ್ಟ್ರು ಹಾಳೆಯಲ್ಲಿ ಒಂದು ಕಾಲು ಬರೆದು, ಎಲ್ಲಿ ತೋರಿಸಿ ಅಂದರು. ಅಜ್ಜಿ ಸೊಂಟದಿಂದ ಹಿಮ್ಮಡಿಯವರೆಗೆ ಸಣ್ಣ ಸಣ್ಣ ಚುಕ್ಕೆಗಳನ್ನು ಸಾಲಾಗಿ ಇಟ್ಟು, “ಕಟ್ಟಿರುವೆ ಸಾಲು ಕಚ್ದಂಗೆ” ಅಂದಿತು. ಅಜ್ಜಿಯ ನರದ ನೋವನ್ನು ಅದಕ್ಕಿಂತ ಸರಿಯಾಗಿ ಯಾವ ಪುಸ್ತಕವೂ ನನಗೆ ಹೇಳಿಕೊಟ್ಟಿರಲಿಲ್ಲ.

ಇಷ್ಟಾದರೂ ಮೇಷ್ಟ್ರ ಚಿತ್ರಗಳು ನನಗೆ ಆಗ ಒಂದು ತಮಾಷೆಯೇ. ಬೆಂಚಿನ ಮೇಲೆ ಕಾಯುವವರಿಗೆ ಹೊತ್ತು ಹೋಗುತ್ತದೆ, ನನಗೂ ನಗು ಬರುತ್ತದೆ, ಅಷ್ಟೇ ಅಂದುಕೊಂಡಿದ್ದೆ.

ಆ ಕಾಲದಲ್ಲಿ ನನ್ನ ಹತ್ತಿರ ಪುಣಜನೂರಿನ ಒಬ್ಬ ಹೆಂಗಸು ಬರುತ್ತಿದ್ದರು. ಚಿಕ್ಕತಾಯಮ್ಮ ಎಂದು ಕರೆಯೋಣ, ನಿಜವಾದ ಹೆಸರಲ್ಲ. ನಲವತ್ತರ ಒಳಗಿನ ವಯಸ್ಸು, ಗಂಡ ಇಲ್ಲ. ಗುಂಡ್ಲುಪೇಟೆಯಲ್ಲಿ ತಂಗಿಯ ಮನೆಯಲ್ಲಿದ್ದುಕೊಂಡು ಮಂಡಿಯಲ್ಲಿ ಈರುಳ್ಳಿ ಆಯುವ ಕೆಲಸ ಮಾಡುತ್ತಿದ್ದರು. ಬಲಗೈ ಜೋಮು ಹಿಡಿಯುತ್ತದೆ, ಕೈಯಿಂದ ಪಾತ್ರೆ ಜಾರುತ್ತದೆ ಎಂದು ದೂರು. ಸಕ್ಕರೆ ನೋಡಿದೆ, ಇರಲಿಲ್ಲ. ರಕ್ತ ಕಡಿಮೆ ಇತ್ತು. ಬೆಳಗಿನಿಂದ ಸಂಜೆಯವರೆಗೆ ಕುಕ್ಕರಗಾಲಲ್ಲಿ ಕೂತು ಕತ್ತು ಬಗ್ಗಿಸುವ ಕೆಲಸ, ಕತ್ತಿನ ನರ ಇರಬೇಕು ಅಂದುಕೊಂಡು ವಿಟಮಿನ್ ಮಾತ್ರೆ ಬರೆದೆ. ಮುಂದಿನ ಸಲ ಬಂದಾಗಲೂ ಅದನ್ನೇ ಬರೆದೆ. ನಾಲ್ಕು ತಿಂಗಳು ಹೀಗೇ ನಡೆಯಿತು. ಒಂದು ಸಲ ಬೆರಳ ತುದಿಯಲ್ಲಿ ಸುಟ್ಟ ಬೊಬ್ಬೆ ಇತ್ತು. “ಒಲೆ ಮುಂದೆ ಜಾಗ್ರತೆ ಕಣಮ್ಮ,” ಎಂದು ಮುಲಾಮು ಕೊಟ್ಟು ಕಳಿಸಿದೆ. ಸುಟ್ಟಾಗ ನೋವಾಯಿತಾ ಎಂದು ಕೇಳಲಿಲ್ಲ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ಬುಧವಾರ ರೋಗಿಗಳೆಲ್ಲ ಹೋದ ಮೇಲೆ ಮೇಷ್ಟ್ರು ಅಂದಿನ ಹಾಳೆ ತೋರಿಸಿದರು. ಅಪರೂಪಕ್ಕೆ ಮುಖ ಬರೆದಿದ್ದರು. ಚಿಕ್ಕತಾಯಮ್ಮ ಕೆನ್ನೆಗೆ ಕೈಯಾನಿಸಿ ಕೂತಿದ್ದ ಚಿತ್ರ. ತುಂಬ ಚೆನ್ನಾಗಿತ್ತು.

“ಹುಬ್ಬು ಅರ್ಧಕ್ಕೇ ಬಿಟ್ಟಿದ್ದೀರಲ್ಲ, ಪೂರ್ತಿ ಮಾಡಿ ಮೇಷ್ಟ್ರೇ,” ಅಂದೆ.

ಅವರಿಗೆ ನಿಜವಾಗಿಯೂ ಬೇಸರವಾಯಿತು. “ನಾನ್ಯಾಕೆ ಬಿಡ್ಲಿ? ಪೂರ್ತಿಯೇ ಬರ್ದಿರೋದು. ಅವರಿಗೆ ಇರೋದೇ ಅಷ್ಟು. ಹೊರಗಡೆ ಕೂದಲೇ ಇಲ್ಲ, ನೀವು ನೋಡಿಲ್ವಾ?”

ನಾನು ನೋಡಿರಲಿಲ್ಲ. ನಾಲ್ಕು ತಿಂಗಳು ಮೂರಡಿ ದೂರದಲ್ಲಿ ಕೂರಿಸಿಕೊಂಡು ನೋಡಿರಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎರಡೂ ಹುಬ್ಬು ಹೊರತುದಿಯಲ್ಲಿ ಬೋಳಾಗಿದ್ದವು. ಕೆನ್ನೆಗಾನಿಸಿದ ಕೈಯಲ್ಲಿ ಕಿರುಬೆರಳು ಮತ್ತು ಉಂಗುರದ ಬೆರಳು ಒಳಕ್ಕೆ ಕೊಕ್ಕೆಯಂತೆ ಬಾಗಿದ್ದವು. ಕಿವಿಯ ಹಾಲೆ ಸ್ವಲ್ಪ ಊದಿತ್ತು. ಮೇಷ್ಟ್ರು ಅದಕ್ಕೂ ತೆಳುವಾಗಿ ನೆರಳು ಕೊಟ್ಟಿದ್ದರು. ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಒಂದು ಪುಟ ಹಾಗೆಯೇ ಕಣ್ಣ ಮುಂದೆ ಬಂತು.

ಮಹದೇವಮ್ಮ ಮಂಡಿಗೆ ಹೋಗಿ ಚಿಕ್ಕತಾಯಮ್ಮನನ್ನು ವಾಪಸ್ ಕರೆತಂದರು. ಕಣ್ಣು ಮುಚ್ಚಿಸಿ, ಕೈಗೆ ಹತ್ತಿಯ ಎಳೆ ತಾಗಿಸಿ, ಎಲ್ಲಿ ಹೇಳಿ ಅಂದೆ. ಆಕೆ ಇನ್ನೂ ಕಾಯುತ್ತಲೇ ಇದ್ದರು, ನಾನು ಆಗಲೇ ಐದು ಕಡೆ ಮುಟ್ಟಿ ಮುಗಿಸಿದ್ದೆ. ಮೊಣಕೈಯ ಹಿಂದಿನ ನರ ಹಗ್ಗದಂತೆ ದಪ್ಪವಾಗಿ ಬೆರಳಿಗೆ ಸಿಕ್ಕಿತು.

ನಾನು ತಡಮಾಡದೆ ಹೇಳಿದೆ: ಇದು ಕುಷ್ಠ ಇರಬೇಕು, ಚಾಮರಾಜನಗರದಲ್ಲಿ ಒಂದು ಪರೀಕ್ಷೆ ಮಾಡಿಸೋಣ, ಸರ್ಕಾರದಿಂದ ಪುಕ್ಕಟೆ ಮಾತ್ರೆ ಇದೆ, ಒಂದು ವರ್ಷ ತಗೊಂಡರೆ ಪೂರ್ತಿ ವಾಸಿ. ಎಲ್ಲವೂ ಸರಿಯಾದ ಮಾತೇ. ಚಿಕ್ಕತಾಯಮ್ಮ ಮೊದಲ ಮಾತಿನಿಂದಾಚೆಗೆ ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಎದ್ದರು, ಸೆರಗು ಹೊದ್ದರು, ಹೊರಟುಹೋದರು. ಮಾರನೆಯ ದಿನ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ತಂಗಿಯ ಮನೆಯಲ್ಲಿ ವಿಚಾರಿಸಿದರೆ, ಮೈ ಸರಿಯಿಲ್ಲ ಎಂದು ತಾಯಿಯ ಮನೆಗೆ ಹೋದಳು ಎಂದರು.

ನಾನು ಮೇಷ್ಟ್ರ ಮುಂದೆ ಸಿಡಿಮಿಡಿಗೊಂಡೆ. “ವಾಸಿಯಾಗೋ ಕಾಯಿಲೆ ಅಂತ ಅಷ್ಟು ಬಿಡಿಸಿ ಹೇಳಿದೆ.”

“ಹೇಳಿದ್ರಿ. ಆವಮ್ಮನಿಗೆ ಏನು ಕೇಳಿಸ್ತು ಅಂತ ಕೇಳಿದ್ರಾ?” ಅಂದರು ಮೇಷ್ಟ್ರು. “ಭಾನುವಾರ ಓಗನ ನಡೀರಿ.”

ಭಾನುವಾರ ನನ್ನ ಕಾರಿನಲ್ಲಿ ಮೂವರೂ ಹೊರಟೆವು. ಮಂಡಿ ನೋವಿನ ಅಮ್ಮ ಮುಂದಿನ ಸೀಟಿನಲ್ಲಿ, ಮೇಷ್ಟ್ರು ಹಿಂದೆ. ಚಾಮರಾಜನಗರ ದಾಟಿ ಸತ್ಯಮಂಗಲದ ರಸ್ತೆಯಲ್ಲಿ ಪುಣಜನೂರು ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಚಿಕ್ಕತಾಯಮ್ಮ ಜಗುಲಿಯಲ್ಲಿದ್ದರು. ಚಾಪೆ, ದಿಂಬು ಜಗುಲಿಗೇ ಬಂದಿದ್ದವು. ಮೂಲೆಯಲ್ಲಿ ಒಂದು ತಟ್ಟೆ, ಒಂದು ಲೋಟ ಬೇರೆ ಇಟ್ಟಿದ್ದರು. ಯಾರೂ ಹೊರಗೆ ಹಾಕಿರಲಿಲ್ಲ. ತಾವಾಗಿಯೇ ಹೊರಗೆ ಬಂದಿದ್ದರು. ಕಜ್ಜಿ ಎದ್ದಿದೆ ಎಂದು ತಾಯಿಗೆ ಹೇಳಿದ್ದರಂತೆ.

ಮೇಷ್ಟ್ರು ಜಗುಲಿಯ ಅಂಚಿನಲ್ಲಿ ಕೂತು ಕಾಯಿಲೆಯ ಮಾತನ್ನೇ ಎತ್ತದೆ ಕಾಡಿನ ಕಡೆ ನೋಡುತ್ತ, ಆನೆ ಬರುತ್ತವಾ, ಬೇಲಿ ಹಾಕಿದ್ದಾರಾ ಎಂದು ವಿಚಾರಿಸಿದರು. ಆಮೇಲೆ ಕೇಳಿದರು: “ಡಾಕ್ಟ್ರಮ್ಮ ಆ ಹೆಸ್ರು ಹೇಳ್ದಾಗ ನಿನಗೆ ಏನು ಗ್ಯಾನಕ್ಕೆ ಬಂತವ್ವ?”

ಚಿಕ್ಕತಾಯಮ್ಮ ನಿಧಾನವಾಗಿ ಹೇಳಿದರು. “ನಾನು ಚಿಕ್ಕೋಳಿರುವಾಗ ನಮ್ಮೂರಲ್ಲಿ ಒಬ್ರಿಗೆ ಬಂದಿತ್ತು. ಕೆರೆ ಏರಿ ಆಚೆ ಗುಡ್ಲು ಹಾಕ್ಕೊಟ್ಟಿದ್ರು. ಅವರವ್ವ ದಿನಾ ಒಂದು ಕಲ್ಲಿನ ಮ್ಯಾಲೆ ಇಟ್ಟಿನ ಮುದ್ದೆ ಮಡಗ್ಬುಟ್ಟು ದೂರ ಓಗಿ ನಿಂತ್ಕತಿತ್ತು. ಅವರು ಬಂದು ಎತ್ಕೊಂಡು ಓಗೋರು. ನಾವು ಮಕ್ಳು ಆ ಕಲ್ಲ ಮುಟ್ತಿರ್ನಿಲ್ಲ. ಈಗ ನಮ್ಮವ್ವನೂ ಕಲ್ಲಿನ ಮ್ಯಾಲೆ ಮಡಗ್ಬೇಕಾಯ್ತದಲ್ಲ ಅಂತ.”

ನಾನು ಹೇಳಿದ್ದು ಒಂದು ಕ್ರಿಮಿಯ ಸಂಗತಿ. ಆಕೆ ಕೇಳಿಸಿಕೊಂಡದ್ದು ಒಂದು ಕಲ್ಲಿನ ಕಥೆ.

“ಆ ಕಲ್ಲು ಈಗ ಎಲ್ಲದೆ?” ಎಂದರು ಮೇಷ್ಟ್ರು.

“ಈಗೆಲ್ಲದೆ? ರಸ್ತೆ ಮಾಡುವಾಗ ಒಡ್ದು ಜಲ್ಲಿ ಮಾಡ್ಬುಟ್ರು.”

“ಕಲ್ಲೇ ಇಲ್ಲ. ಇನ್ನ ನಿಮ್ಮವ್ವ ಎಲ್ಲಿ ಮಡಗ್ತಾಳೆ?”

ಚಿಕ್ಕತಾಯಮ್ಮ ಅವರ ಮುಖ ನೋಡಿದರು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದರು. ಆಗ ಮೇಷ್ಟ್ರ ಹೆಂಡತಿ ಗೋಡೆ ಹಿಡಿದು ಎದ್ದರು. ಅವರದು ಕಟ್ಟುನಿಟ್ಟಾದ ಮನೆತನ. ನೆಂಟರ ಮದುವೆಯಲ್ಲೂ ಹೊರಗಿನ ನೀರು ಮುಟ್ಟದವರು ಎಂದು ನನಗೆ ಗೊತ್ತಿತ್ತು. ಮಂಡಿ ನೋವಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಹೋಗಿ ಮೂಲೆಯ ಆ ತಟ್ಟೆಯನ್ನು ಎತ್ತಿಕೊಂಡು ಬಂದರು.

“ನನಗೆ ಸಕ್ಕರೆ ಕಾಯಿಲೆ ಕಣವ್ವ. ಒತ್ತಿಗೆ ಸರಿಯಾಗಿ ಉಣ್ದಿದ್ರೆ ತಲೆ ಸುತ್ತದೆ. ಇಟ್ಟು ಮಾಡಿದ್ದೀಯಾ?”

“ನನ್ ತಟ್ಟೆ ಬ್ಯಾಡಿ ಕಣವ್ವ.”

“ತಟ್ಟೆಗೇನಾಗದೆ? ತೊಳ್ದದೆ. ನಿನ್ ಕೈಲೇ ಇಕ್ಕು.”

ಆಮೇಲೆ ನಡೆದದ್ದು ಇಷ್ಟೇ: ಚಿಕ್ಕತಾಯಮ್ಮ ನನ್ನ ಮುಖ ನೋಡಿದರು, ತಟ್ಟೆಯಿಂದ ಅದು ಅಂಟುವುದಿಲ್ಲ ಎಂದು ನಾನು ಹೇಳಿದೆ. ಆಕೆ ಒಳಗೆ ಹೋಗಿ ಮುದ್ದೆ, ಸೊಪ್ಪಿನ ಸಾರು ತಂದು ಬಡಿಸಿದರು. ಆ ಅಮ್ಮ ಕೂತು, ಉಪ್ಪು ಸ್ವಲ್ಪ ಮುಂದಾಗಿದೆ ಎಂದು ಹೇಳುತ್ತ, ತಟ್ಟೆ ಖಾಲಿಯಾಗುವವರೆಗೆ ಉಂಡರು. ನಾವೂ ಉಂಡೆವು. ಚಿಕ್ಕತಾಯಮ್ಮನ ತಾಯಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಹೊರಡುವ ಮೊದಲು ಚಿಕ್ಕತಾಯಮ್ಮನ ಒಪ್ಪಿಗೆ ಕೇಳಿ ಆ ತಾಯಿಗೂ ಕಾಯಿಲೆಯ ಹೆಸರು ಹೇಳಿದೆ. ಅವರು ಜಗುಲಿಯ ಮೇಲಿದ್ದ ಚಾಪೆ ಸುತ್ತಿ ಒಳಗಿಟ್ಟರು.

ಚಾಮರಾಜನಗರದ ಪರೀಕ್ಷೆಯಲ್ಲಿ ನನ್ನ ಅನುಮಾನ ನಿಜವಾಯಿತು. ಒಂದು ವರ್ಷ ಚಿಕ್ಕತಾಯಮ್ಮ ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ಮಾತ್ರೆಯಿಂದ ಮೈ ಬಣ್ಣ ಸ್ವಲ್ಪ ಕಪ್ಪಾಗುತ್ತದೆ ಎಂದು ಎಚ್ಚರಿಸಿದರೆ, “ಬಿಸ್ಲಲ್ಲಿ ಗೇಯೋರು ಇನ್ನೇನು ಕೆಂಪಗಾಯ್ತಾರಾ,” ಎಂದು ನಕ್ಕರು. ತಿಂಗಳಿಗೊಮ್ಮೆ ಬಂದಾಗ ಮೇಷ್ಟ್ರು ಅವರ ಬಲಗೈ ಬರೆಯುತ್ತಿದ್ದರು. ಹನ್ನೆರಡು ಚಿತ್ರಗಳನ್ನು ಸಾಲಾಗಿಟ್ಟು ನೋಡಿದರೆ, ಕಿರುಬೆರಳು ಎಲ್ಲಿಗೆ ನಿಂತಿತ್ತೋ ಅಲ್ಲಿಗೇ ನಿಂತಿತ್ತು, ಮುಂದೆ ಬಾಗಿರಲಿಲ್ಲ. ಹುಬ್ಬು ಮಾತ್ರ ಪೂರ್ತಿ ಬರಲಿಲ್ಲ. ಕೊನೆಯ ತಿಂಗಳು ಆಕೆ ಸಂಕೋಚದಿಂದ ಒಂದು ಕಾಡಿಗೆ ಪೆನ್ಸಿಲ್ ತೆಗೆದು, “ಇದ ಎಂಗೆ ಎಳೆಯೋದು ಹೇಳ್ಕೊಡಿ ಮೇಷ್ಟ್ರೇ. ನಾನು ಎಳುದ್ರೆ ನಾಟಕದ ರಾಕ್ಷಸಿ ತರ ಕಾಣ್ತೀನಿ,” ಅಂದರು. ಮೇಷ್ಟ್ರು ನನ್ನ ಕೈಕನ್ನಡಿ ಇಸಿದುಕೊಂಡು ಅರ್ಧ ಗಂಟೆ ಪಾಠ ಮಾಡಿದರು. ಒಂದೇ ಗೆರೆ ಎಳೆಯಬಾರದು, ಕೂದಲು ಹೇಗೆ ಹುಟ್ಟುತ್ತದೋ ಹಾಗೆ ಸಣ್ಣ ಸಣ್ಣ ಗೆರೆ, ಹೊರಗಡೆಗೆ ಇಳಿಸುತ್ತ. ಮಹದೇವಮ್ಮನೂ ಪಕ್ಕದಲ್ಲಿ ನಿಂತು ಕಲಿತರು.

“ಮೊದ್ಲು ಬರ್ದಿದ್ರಲ್ಲ, ಅದ್ಕೂ ಹುಬ್ಬು ತುಂಬ್ಕೊಡಿ,” ಎಂದು ಚಿಕ್ಕತಾಯಮ್ಮ ಕೇಳಿದರು.

“ಅದು ಅವತ್ತಿನ ಮುಖ. ಅದನ್ನ ಮುಟ್ಟಲ್ಲ. ಇವತ್ತಿಂದು ಬೇರೆ ಬರೀತೀನಿ ಕೂತ್ಕೊ.”

ಈ ಸಂಗತಿ ಹೇಗೋ ಚಾಮರಾಜನಗರದಲ್ಲಿ ನರ್ಸಿಂಗ್ ಕಲಿಸುವ ನನ್ನ ಗೆಳತಿಯ ಕಿವಿಗೆ ಬಿದ್ದು, ಅವಳು ತನ್ನ ಹುಡುಗಿಯರಿಗೆ ಪಾಠ ಮಾಡಲು ಮೇಷ್ಟ್ರನ್ನು ಕರೆಸಿದಳು. ಮೇಷ್ಟ್ರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದರು. ಭಾಷಣ ಮಾಡಲಿಲ್ಲ. ಎಲ್ಲರೂ ತಮ್ಮ ತಮ್ಮ ಎಡಗೈ ಬರೆಯಿರಿ, ಅರ್ಧ ಗಂಟೆ ಅಂದರು. ಐದು ನಿಮಿಷಕ್ಕೆ ಎಲ್ಲರೂ ಮುಗಿಸಿದರು. ಮೇಷ್ಟ್ರು ಸಾಲುಗಳ ನಡುವೆ ಓಡಾಡುತ್ತ, “ಇದು ಗ್ಯಾನದಲ್ಲಿರೋ ಕೈ. ನಿಮ್ಮ ತೊಡೆ ಮ್ಯಾಲೆ ಇನ್ನೊಂದು ಕೈ ಅದೆ, ಅದ ಬರೀರಿ,” ಎಂದು ಹಾಳೆ ತಿರುಗಿಸಿಟ್ಟರು. ಎರಡನೆಯ ಸಲ ಅರ್ಧ ಗಂಟೆಯಾದರೂ ಯಾರೂ ಪೆನ್ಸಿಲ್ ಕೆಳಗಿಡಲಿಲ್ಲ. ಹಿಂದಿನ ಸಾಲಿನ ಒಬ್ಬ ಹುಡುಗಿ ಇದ್ದಕ್ಕಿದ್ದಂತೆ, “ಸಾರ್, ನನ್ನ ಉಂಗುರದ ಬೆರಳು ತೋರುಬೆರಳಿಗಿಂತ ಉದ್ದ ಐತೆ. ಇಷ್ಟು ವರ್ಷ ನೋಡೇ ಇರ್ಲಿಲ್ಲ,” ಅಂದಳು. “ನಿನ್ನ ಕೈನೇ ನೀನು ನೋಡಿಲ್ಲ ಕಣಮ್ಮಿ. ನಾಳೆ ಪೇಷಂಟ್ ಕೈ ಹಿಡ್ಕೊಂಡಾಗ ಇದ ಗ್ಯಾಪಕ ಮಡಿಕೊ,” ಅಂದರು ಮೇಷ್ಟ್ರು. ಅದಾದ ಮೇಲೆ ಅವರನ್ನು ವರ್ಷಕ್ಕೆರಡು ಸಲ ಕರೆಸತೊಡಗಿದರು. ಕೊಟ್ಟ ಶಾಲುಗಳನ್ನೆಲ್ಲ ಅವರ ಹೆಂಡತಿ ಮಂಡಿಗೆ ಸುತ್ತಿಕೊಳ್ಳುತ್ತಿದ್ದರು.

ಈಗ ಮೇಷ್ಟ್ರು ಗುಂಡ್ಲುಪೇಟೆಯಲ್ಲಿಲ್ಲ. ಗಂಡ ಹೆಂಡತಿ ಇಬ್ಬರೂ ಚಾಮರಾಜನಗರದಲ್ಲಿ ಮಗಳ ಜೊತೆ ಇದ್ದಾರೆ. ಹೋಗುವುದಕ್ಕೆ ಒಂದೆರಡು ತಿಂಗಳು ಮೊದಲು ಒಂದು ಬೆಳಿಗ್ಗೆ ಮೇಷ್ಟ್ರು ಮೊದಲ ಸಲ ತಮ್ಮದೇ ಹೆಸರಿನಲ್ಲಿ ಚೀಟಿ ಮಾಡಿಸಿಕೊಂಡು ಒಳಗೆ ಬಂದರು. ಕೈಯಲ್ಲಿ ನಾಲ್ಕು ಹಾಳೆಗಳಿದ್ದವು. ಚಿತ್ರ ನೋಡಬೇಡಿ, ಕೆಳಗಿನ ಸಹಿ ನೋಡಿ ಅಂದರು.

“ಇದು ಯುಗಾದೀದು. ಇದು ಗೌರಿ ಹಬ್ಬದ್ದು. ಇದು ದೀಪಾವಳಿ. ಇದು ಮೊನ್ನೆಯದು. ಸಣ್ಣಗಾಯ್ತಾ ಬಂದದೆ. ನಾನು ಸಣ್ಣಗೆ ಮಾಡ್ತಿಲ್ಲ ಡಾಕ್ಟ್ರಮ್ಮ, ಅದೇ ಆಯ್ತಾದೆ.”

ಅವರ ಹೆಂಡತಿ, “ಕಾಫಿ ಲೋಟ ಹಿಡುದ್ರೆ ಕಾಫಿ ತಾನಾಗೇ ಆರ್ತದೆ, ನಾನು ಆರಿಸ್ಕೊಡೋದೇ ಬ್ಯಾಡ,” ಅಂದರು. ಹೇಳುವಾಗ ನಗುತ್ತಿದ್ದರು, ಕಣ್ಣು ಮಾತ್ರ ನನ್ನ ಮುಖದ ಮೇಲೇ ಇತ್ತು.

ತೊಡೆಯ ಮೇಲಿಟ್ಟ ಬಲಗೈ ಬೀಡಿ ಕಟ್ಟುತ್ತಿರುವ ಹಾಗೆ ತಾನೇ ತಾನಾಗಿ ಆಡುತ್ತಿತ್ತು. ತೋಳು ಬಗ್ಗಿಸಿ ನೋಡಿದೆ, ನಡೆಸಿ ನೋಡಿದೆ. ಏನು ಕಾಯಿಲೆ ಎಂದು ಹೇಳುವ ಮೊದಲು, ಇದಕ್ಕೆ ನಿಮಗೆ ಗೊತ್ತಿರುವ ಹೆಸರೇನು, ಯಾರಿಗಾದರೂ ಆದದ್ದನ್ನು ನೋಡಿದ್ದೀರಾ ಎಂದು ಕೇಳಿದೆ. ಮೇಷ್ಟ್ರು ನನ್ನನ್ನು ಮೆಚ್ಚುಗೆಯಿಂದ ನೋಡಿ, “ನಮ್ಮ ಚಿಕ್ಕಪ್ಪನಿಗೆ ಆಗಿತ್ತು. ನಡುಕ ಅನ್ನೋರು. ಹನ್ನೆರಡು ವರ್ಸ ನಡುಗಿಕೊಂಡೇ ಹೊಲ ಗೇಯ್ದ್ರು,” ಅಂದರು. ಹಾಗಾದರೆ ಧೈರ್ಯವಾಗಿ ಇರಬಹುದು, ಈಗ ಮಾತ್ರೆಗಳೂ ಇವೆ ಅಂದೆ. ಬರೆಯೋದು ನಿಲ್ಲಿಸಬೇಕಾ ಎಂದು ಕೇಳಿದರು. ಬೇಡ, ದಿನಾ ಬರೆಯಿರಿ ಎಂದೆ. “ಮರ ಬರುದ್ರೆ ಈಗ ಗಾಳಿ ತಾನೇ ಬತ್ತದೆ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಈ ನಡುಕದ ಕಾಯಿಲೆಗೆ ಒಂದು ಸಣ್ಣ ಪರೀಕ್ಷೆ ಇದೆ. ನಡುವಿನಿಂದ ಶುರುಮಾಡಿ ಹೊರಗೆ ಸುತ್ತುತ್ತ ಒಂದು ಸುರುಳಿ ಬರೆಸುತ್ತೇವೆ. ಕೈ ಎಷ್ಟು ನಡುಗುತ್ತದೆ ಎಂದು ಅದರಲ್ಲಿ ತಿಳಿಯುತ್ತದೆ. ಹಾಳೆ, ಪೆನ್ನು ಕೊಟ್ಟೆ. ಮೇಷ್ಟ್ರು ಪೆನ್ನು ಪಕ್ಕಕ್ಕಿಟ್ಟು ಜೇಬಿನಿಂದ ಪೆನ್ಸಿಲ್ ತೆಗೆದು ಉಸಿರು ಬಿಗಿಹಿಡಿದು ಬರೆದರು. ಗೆರೆ ಉದ್ದಕ್ಕೂ ಗರಗಸದ ಹಲ್ಲಿನಂತೆ ಬಂತು. ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಮೂಲೆಯಲ್ಲಿ ಹತ್ತಕ್ಕೆ ನಾಲ್ಕು ಎಂದು ಅಂಕ ಬರೆದು ಅಡಿಗೆರೆ ಎಳೆದರು.

“ಈಗ ನೀವೊಂದು ಬರೀರಿ,” ಎಂದು ಪೆನ್ಸಿಲನ್ನು ನನ್ನ ಕಡೆ ಚಾಚಿದರು.

ನಾನು ಅದೇ ಹಾಳೆಯ ಮೇಲೆ ಜಾಗ್ರತೆಯಿಂದ ಒಂದು ಸುರುಳಿ ಬರೆದೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಅವರ ಹೆಂಡತಿಯೂ ಬಗ್ಗಿ ನೋಡಿದರು.

“ಮೂರು,” ಅಂದರು ಮೇಷ್ಟ್ರು.

“ಮೇಷ್ಟ್ರೇ, ನನ್ನ ಕೈ ನಡುಗೋದೇ ಇಲ್ಲವಲ್ಲ.”

“ಅದ್ಕೇ ಮೂರು ಕೊಟ್ಟಿರೋದು. ಇಲ್ದಿದ್ರೆ ಎರಡೇ.”